ನಿಮ್ಮ ಲ್ಯಾಪ್‌ಟಾಪ್‌ನ ಸ್ಪೀಡ್ ಯಾರ ಕೈಯಲ್ಲಿದೆ?

ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ಇಂಟರ್ನಲ್‌ಗೆ ಎರಡೇ ದಿನ ಬಾಕಿ ಇತ್ತು. ನಮ್ಮ ರೂಮಿನ ತೀರ್ಥಹಳ್ಳಿ ಹುಡುಗನ ಲ್ಯಾಪ್‌ಟಾಪ್ ಅವತ್ತೇ ಕೈಕೊಟ್ಟಿತು. ಆಫ್ ಆಗಲಿಲ್ಲ, ಹ್ಯಾಂಗ್ ಕೂಡ ಆಗಲಿಲ್ಲ, ಸುಮ್ಮನೆ ನಿಧಾನ ಆಯ್ತು. ಎಷ್ಟು ನಿಧಾನ ಅಂದ್ರೆ ಟರ್ಮಿನಲ್ ಓಪನ್ ಆಗೋ ಅಷ್ಟರಲ್ಲಿ ಕೆಳಗೆ ಹೋಗಿ ನೀರಿನ ಬಾಟಲಿ ತುಂಬಿಸಿಕೊಂಡು ಬರಬಹುದಿತ್ತು. ಟೈಪ್ ಮಾಡಿದ ಅಕ್ಷರ ಒಂದೊಂದಾಗಿ, ಯೋಚನೆ ಮಾಡಿ ಮಾಡಿ ಸ್ಕ್ರೀನ್ ಮೇಲೆ ಬರುತ್ತಿತ್ತು.

ಫೈನಲ್ ಇಯರ್ ಸೀನಿಯರ್ ಒಬ್ಬರಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಯಂತ್ರ ಅದು. ಒಳಗೆ ಇಂಟೆಲ್ ಐ5-8250ಯು ಪ್ರೊಸೆಸರ್, ಅದರ ಮೇಲೆ ಉಬುಂಟು. ಹತ್ತಿರದ ರಿಪೇರಿ ಅಂಗಡಿಗೆ ತಗೊಂಡು ಹೋದೆವು. ಅವರು ಐದು ನಿಮಿಷ ನೋಡಿ, 'ಮದರ್‌ಬೋರ್ಡ್ ಹೋಗಿದೆ, 14,000 ಆಗುತ್ತೆ' ಅಂದರು. ವಾಪಸ್ ಬರೋವಾಗ ಅವನು ಪೂರ್ತಿ ಮೌನ. ಮನೆಗೆ ಫೋನ್ ಮಾಡಿ ಕೇಳೋಣ ಅಂದ್ರೆ ಅಡಿಕೆ ದುಡ್ಡು ಕೈಗೆ ಬರೋದಕ್ಕೆ ಇನ್ನೂ ಎರಡು ತಿಂಗಳಿತ್ತು. ಆ ರಾತ್ರಿ ನಾವು ಮೂವರೂ ಕೂತು, ಪ್ರೊಸೆಸರ್ ಸ್ಪೀಡ್ ಅನ್ನೋದನ್ನ ನಿಜವಾಗಿ ಯಾರು ತೀರ್ಮಾನ ಮಾಡ್ತಾರೆ ಅಂತ ಹುಡುಕಿದೆವು. ಹುಡುಕಿದ್ದರಲ್ಲಿ ನಿಮಗೂ ಉಪಯೋಗ ಆಗುವಂಥದ್ದು ಬಹಳ ಇದೆ. ಲ್ಯಾಪ್‌ಟಾಪ್ ಬಿಸಿ ಆಗುತ್ತೆ, ಫ್ಯಾನ್ ಕಿರುಚುತ್ತೆ, ಬ್ಯಾಟರಿ ಎರಡು ಗಂಟೆ ಬರಲ್ಲ ಅನ್ನೋ ದೂರು ನಮ್ಮ ಹಾಸ್ಟೆಲ್‌ನಲ್ಲಿ ಯಾವ ರೂಮಲ್ಲಿ ಇಲ್ಲ ಹೇಳಿ.

ಒಂದು ಸೂಚನೆ ಮೊದಲೇ ಹೇಳಿಬಿಡ್ತೀವಿ. ಇದು ಕನ್ನಡ ಸಂಘದ ಪತ್ರಿಕೆ, ಹಾಗಾಗಿ ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಮಾಡಬೇಕು. ಸ್ಪೆಲಿಂಗ್ ಬಗ್ಗೆ ಅನುಮಾನ ಬಂದರೆ ಮೊದಲ ಎರಡು ಅಕ್ಷರ ಹೊಡೆದು ಟ್ಯಾಬ್ ಕೀ ಒತ್ತಿ, ಹೆಸರು ತಾನೇ ಪೂರ್ತಿ ಆಗುತ್ತೆ.

ಸ್ಪೀಡ್ ಜಾಸ್ತಿ ಆದರೆ ಬಿಸಿ ಯಾಕೆ?

ಫಸ್ಟ್ ಇಯರ್ ಎಲೆಕ್ಟ್ರಿಕಲ್‌ನಲ್ಲಿ ಕೆಪಾಸಿಟರ್ ಓದಿದ್ದೇವಲ್ಲ, ಅಷ್ಟು ಸಾಕು. ಪ್ರೊಸೆಸರ್ ಒಳಗಿನ ಟ್ರಾನ್ಸಿಸ್ಟರ್‌ಗಳು ಆನ್-ಆಫ್ ಆಗೋ ಪ್ರತಿ ಸಲವೂ ಪುಟಾಣಿ ಕೆಪಾಸಿಟರ್‌ಗಳು ಚಾರ್ಜ್ ಆಗಿ ಡಿಸ್ಚಾರ್ಜ್ ಆದ ಲೆಕ್ಕ. ಒಂದು ಕೆಪಾಸಿಟರ್‌ನಲ್ಲಿ ಕೂರುವ ಎನರ್ಜಿ ವೋಲ್ಟೇಜ್‌ನ ವರ್ಗದ ಮೇಲೆ ನಿಂತಿರುತ್ತೆ. ಸೆಕೆಂಡಿಗೆ ಎಷ್ಟು ಸಲ ಸ್ವಿಚ್ ಆಗುತ್ತೆ ಅನ್ನೋದು ಫ್ರೀಕ್ವೆನ್ಸಿ. ಆದ್ದರಿಂದ ಕೆಲಸ ಮಾಡುವಾಗ ಪ್ರೊಸೆಸರ್ ತಿನ್ನುವ ಪವರ್ ಹೆಚ್ಚುಕಡಿಮೆ ಹೀಗೆ:

ಪವರ್ ∝ ಕೆಪಾಸಿಟೆನ್ಸ್ × ವೋಲ್ಟೇಜ್ × ವೋಲ್ಟೇಜ್ × ಫ್ರೀಕ್ವೆನ್ಸಿ

ಇಲ್ಲಿ ಒಂದು ಸೂಕ್ಷ್ಮ ಇದೆ. ಫ್ರೀಕ್ವೆನ್ಸಿ ಮಾತ್ರ ಏರಿಸೋಕೆ ಆಗಲ್ಲ. ಟ್ರಾನ್ಸಿಸ್ಟರ್ ಬೇಗ ಸ್ವಿಚ್ ಆಗಬೇಕು ಅಂದ್ರೆ ಅದಕ್ಕೆ ಹೆಚ್ಚು ವೋಲ್ಟೇಜ್ ಬೇಕು. ಹಾಗಾಗಿ ಸ್ಪೀಡ್ ಏರಿದಾಗ ವೋಲ್ಟೇಜೂ ಏರುತ್ತೆ, ಮತ್ತೆ ಅದು ಸೂತ್ರದಲ್ಲಿ ಎರಡು ಸಲ ಗುಣಾಕಾರ ಆಗಿ ಕೂತಿದೆ. ಉಲ್ಟಾ ಯೋಚಿಸಿ. ಫ್ರೀಕ್ವೆನ್ಸಿ 30% ಇಳಿಸಿದ್ದಕ್ಕೆ ವೋಲ್ಟೇಜ್ 15% ಇಳಿಯಿತು ಅಂದುಕೊಳ್ಳಿ. 0.7 × 0.85 × 0.85 ಅಂದ್ರೆ ಸುಮಾರು 0.51. ಸ್ಪೀಡ್ ಮುಕ್ಕಾಲು ಭಾಗದ ಹತ್ತಿರ ಉಳಿದಿದೆ, ಪವರ್ ಮಾತ್ರ ಅರ್ಧಕ್ಕೆ ಬಂತು! ಲ್ಯಾಪ್‌ಟಾಪ್ ಸ್ಪೀಡ್ ಕಂಟ್ರೋಲ್ ಮಾಡೋದರ ಲಾಭವೆಲ್ಲ ಈ ಒಂದು ಗುಣಾಕಾರದಲ್ಲಿದೆ. ಕೊನೆಯ ಸ್ವಲ್ಪ ಸ್ಪೀಡಿಗೆ ನಾವು ಕೊಡುವ ಬೆಲೆ ವಿಪರೀತ ದುಬಾರಿ.

ಹಾಗಾದ್ರೆ ಕನಿಷ್ಠಕ್ಕೆ ಇಳಿಸಿಬಿಡೋಣ್ವಾ?

ನಾವೂ ಮೊದಲು ಹಾಗೇ ಅಂದುಕೊಂಡಿದ್ದೆವು. ಬ್ಯಾಟರಿ ಉಳಿಬೇಕು ಅಂದ್ರೆ ಪ್ರೊಸೆಸರ್‌ನ ಕೈಕಾಲು ಕಟ್ಟಿ ಅತಿ ಕಡಿಮೆ ಸ್ಪೀಡ್‌ನಲ್ಲಿ ಕೂರಿಸಿದರೆ ಆಯ್ತು ಅಂತ. ಆದರೆ ಪೇಪರ್ ಮೇಲೆ ಲೆಕ್ಕ ಹಾಕಿದಾಗ ಅದು ತಪ್ಪು ಅಂತ ಗೊತ್ತಾಯ್ತು.

ಸುಲಭಕ್ಕೆ ನಾವೇ ಊಹಿಸಿಕೊಂಡ ಅಂಕಿ ತಗೊಳ್ಳೋಣ. ಒಂದು ದೊಡ್ಡ ಪ್ರಾಜೆಕ್ಟ್ ಕಂಪೈಲ್ ಮಾಡೋಕೆ ಫುಲ್ ಸ್ಪೀಡ್‌ನಲ್ಲಿ 10 ನಿಮಿಷ. ಆಗ ಪ್ರೊಸೆಸರ್‌ಗೆ 20 ವ್ಯಾಟ್, ಮಿಕ್ಕ ಸ್ಕ್ರೀನ್, ವೈಫೈ, ಎಸ್‌ಎಸ್‌ಡಿ ಎಲ್ಲಾ ಸೇರಿ 6 ವ್ಯಾಟ್. ಒಟ್ಟು 26 ವ್ಯಾಟ್, 10 ನಿಮಿಷ, ಅಂದ್ರೆ 260 ವ್ಯಾಟ್-ನಿಮಿಷ.

ಈಗ 70% ಸ್ಪೀಡ್‌ಗೆ ಇಳಿಸಿ. ಪ್ರೊಸೆಸರ್ 10 ವ್ಯಾಟ್‌ಗೆ ಬಂತು, ಮಿಕ್ಕದ್ದು ಅದೇ 6. ಕೆಲಸ ಮುಗಿಯೋಕೆ 14.3 ನಿಮಿಷ. 16 × 14.3, ಸುಮಾರು 229. ಉಳಿತಾಯ ಆಯ್ತು.

ಇನ್ನೂ ಇಳಿಸಿ, ಮೂರನೇ ಒಂದು ಭಾಗದ ಸ್ಪೀಡ್‌ಗೆ. ವೋಲ್ಟೇಜ್ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯಲ್ಲ, ಯಾಕಂದ್ರೆ ಅದಕ್ಕಿಂತ ಕಡಿಮೆ ಆದರೆ ಟ್ರಾನ್ಸಿಸ್ಟರ್ ಕೆಲಸವೇ ಮಾಡಲ್ಲ. ಪ್ರೊಸೆಸರ್ 4 ವ್ಯಾಟ್ ತಗೊಂಡಿತು ಅನ್ನೋಣ. ಸ್ಕ್ರೀನ್ ವಗೈರೆ ಅದೇ 6. ಆದರೆ ಈಗ 30 ನಿಮಿಷ ಕಾಯಬೇಕು. 10 × 30 = 300. ಫುಲ್ ಸ್ಪೀಡ್‌ಗಿಂತಲೂ ಜಾಸ್ತಿ ಬ್ಯಾಟರಿ ಖರ್ಚು! ನೀವು ಆಮೆ ನಡಿಗೆಯಲ್ಲಿ ಕಂಪೈಲ್ ಮಾಡ್ತಾ ಕೂತಿದ್ದಾಗ ಸ್ಕ್ರೀನ್ ಅಷ್ಟೂ ಹೊತ್ತು ಉರಿಯುತ್ತಾ ಇತ್ತು.

ಬೈಕ್ ಇರೋರಿಗೆ ಇದು ಹೊಸದೇನಲ್ಲ. ತೊಂಬತ್ತರಲ್ಲಿ ಹೋದರೂ ಮೈಲೇಜ್ ಇಲ್ಲ, ಫಸ್ಟ್ ಗೇರಲ್ಲಿ ತೆವಳಿದರೂ ಮೈಲೇಜ್ ಇಲ್ಲ. ನಡುವೆ ಎಲ್ಲೋ ಒಂದು ಒಳ್ಳೆ ಜಾಗ ಇರುತ್ತೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಪ್ರೊಸೆಸರ್ ಕೆಲಸ ಇಲ್ಲದಾಗ ನಿದ್ದೆಗೆ ಜಾರುತ್ತೆ. ಇದಕ್ಕೆ ಸಿ-ಸ್ಟೇಟ್ ಅಂತಾರೆ. ಆಳವಾದ ಸಿ-ಸ್ಟೇಟ್‌ನಲ್ಲಿ ಕ್ಲಾಕ್ ನಿಲ್ಲುತ್ತೆ, ಕೋರ್‌ಗೆ ಹೋಗುವ ವೋಲ್ಟೇಜೇ ಕಟ್ ಆಗುತ್ತೆ. ನೀವು ಪಿಡಿಎಫ್ ಓದ್ತಾ ಇದ್ದೀರ ಅಂದ್ರೆ ಪ್ರೊಸೆಸರ್ ಬಹುಪಾಲು ಸಮಯ ಮಲಗಿರುತ್ತೆ. ಮಲಗಿದವನ ಸ್ಪೀಡ್ ಮಿತಿಯನ್ನ 3.4ರಿಂದ 1ಕ್ಕೆ ಇಳಿಸಿ ಏನು ಸಿಗುತ್ತೆ? ಏನೂ ಇಲ್ಲ. ಬೇಗ ಎದ್ದು, ಕೆಲಸ ಮುಗಿಸಿ, ಬೇಗ ಮಲಗೋದೇ ಎಷ್ಟೋ ಸಲ ವಾಸಿ.

ಗವರ್ನರ್ ಅಂದ್ರೆ ರಾಜಭವನದವರಲ್ಲ

ಲಿನಕ್ಸ್‌ನಲ್ಲಿ ಸ್ಪೀಡ್ ತೀರ್ಮಾನ ಮಾಡುವ ಕೋಡ್‌ಗೆ ಗವರ್ನರ್ ಅಂತ ಹೆಸರು. ಮೆಕ್ಯಾನಿಕಲ್‌ನವರಿಗೆ ಈ ಪದ ಹಳೇ ನೆಂಟ. ಜೇಮ್ಸ್ ವ್ಯಾಟ್ 1788ರಲ್ಲಿ ಸ್ಟೀಮ್ ಎಂಜಿನ್‌ಗೆ ಹಾಕಿದ ಎರಡು ಗುಂಡಿನ ಗವರ್ನರ್ ಇದೆಯಲ್ಲ, ಎಂಜಿನ್ ಜೋರಾಗಿ ತಿರುಗಿದರೆ ಗುಂಡು ಅಗಲ ಆಗಿ ಹಬೆ ಕಡಿಮೆ ಮಾಡುವುದು, ಅದರದ್ದೇ ಹೆಸರು ಇಲ್ಲಿಗೂ ಬಂದಿದೆ. ಸ್ಕೂಲ್ ಬಸ್ಸಿಗೆ ಹಾಕುವ ಸ್ಪೀಡ್ ಗವರ್ನರ್ ಕೂಡ ಅದೇ ವಂಶ.

2000ದಲ್ಲಿ ಇಂಟೆಲ್ ಮೊಬೈಲ್ ಪೆಂಟಿಯಂ 3ಕ್ಕೆ ಸ್ಪೀಡ್‌ಸ್ಟೆಪ್ ತಂದಾಗ ವ್ಯವಸ್ಥೆ ತುಂಬಾ ಸರಳ ಇತ್ತು. ಚಾರ್ಜರ್ ಹಾಕಿದರೆ ಒಂದು ಸ್ಪೀಡ್, ತೆಗೆದರೆ ಇನ್ನೊಂದು. ಆಮೇಲೆ ಹಲವು ಮೆಟ್ಟಿಲುಗಳು ಬಂದವು, ಯಾವ ಮೆಟ್ಟಿಲಲ್ಲಿ ಯಾವಾಗ ನಿಲ್ಲಬೇಕು ಅಂತ ಹೇಳೋಕೆ ಆಪರೇಟಿಂಗ್ ಸಿಸ್ಟಮ್ ಬೇಕಾಯ್ತು. ಲಿನಕ್ಸ್ 2.6 ಕರ್ನಲ್‌ನಲ್ಲಿ ಸಿಪಿಯುಫ್ರೆಕ್ ಅನ್ನೋ ಭಾಗ ಇದಕ್ಕಾಗಿಯೇ ಬಂತು. ಪರ್ಫಾರ್ಮೆನ್ಸ್ ಗವರ್ನರ್ ಸದಾ ಗರಿಷ್ಠ ಕೇಳುತ್ತೆ, ಪವರ್‌ಸೇವ್ ಸದಾ ಕನಿಷ್ಠ. 2004ರಲ್ಲಿ ಆನ್‌ಡಿಮಾಂಡ್ ಬಂತು. ಇದು ಆಗಾಗ ಲೋಡ್ ಎಷ್ಟಿದೆ ಅಂತ ನೋಡಿ, ಮಿತಿ ದಾಟಿದರೆ ಒಂದೇ ನೆಗೆತಕ್ಕೆ ಗರಿಷ್ಠಕ್ಕೆ ಹೋಗುತ್ತೆ. ಇದನ್ನ ಬರೆದ ಇಂಟೆಲ್‌ನ ವೆಂಕಟೇಶ್ ಪಲ್ಲಿಪಾಡಿ ಮತ್ತು ಅಲೆಕ್ಸಿ ಸ್ಟಾರಿಕೋವ್‌ಸ್ಕಿ 2006ರ ಒಟ್ಟಾವಾ ಲಿನಕ್ಸ್ ಸಮಾವೇಶದಲ್ಲಿ ಇದರ ಬಗ್ಗೆ ಪೇಪರ್ ಮಂಡಿಸಿದರು. ಸೆಕೆಂಡ್ ಇಯರ್‌ನವರಿಗೂ ಅರ್ಥ ಆಗುವಷ್ಟು ಸರಳವಾಗಿದೆ, ಓದಿ ನೋಡಿ. 2016ರ 4.7 ಕರ್ನಲ್‌ನಲ್ಲಿ ಸ್ಕೆಡ್‌ಯುಟಿಲ್ ಬಂತು. ಯಾವ ಪ್ರೋಗ್ರಾಮ್ ಎಷ್ಟು ಕೆಲಸ ತರ್ತಿದೆ ಅಂತ ಶೆಡ್ಯೂಲರ್‌ಗೆ ಹೇಗೂ ಗೊತ್ತಿರುತ್ತಲ್ಲ, ಬೇರೆಯಾಗಿ ಅಳೆಯೋದ್ಯಾಕೆ, ಅದನ್ನೇ ಕೇಳಿದರಾಯ್ತು ಅನ್ನೋದು ಅದರ ಐಡಿಯಾ.

ಇಲ್ಲಿಯವರೆಗೆ ಕತೆ ಸರಳ. ಗೊಂದಲ ಶುರು ಆಗೋದು ಈಗ.

ಒಂದೇ ಹೆಸರು, ಎರಡು ಅರ್ಥ

ಇಂಟೆಲ್ ಯಂತ್ರ ಇರೋರು ಟರ್ಮಿನಲ್‌ನಲ್ಲಿ ಈ ಫೋಲ್ಡರ್‌ಗೆ ಹೋಗಿ:

/ಸಿಸ್/ಡಿವೈಸಸ್/ಸಿಸ್ಟಮ್/ಸಿಪಿಯು/ಸಿಪಿಯು0/ಸಿಪಿಯುಫ್ರೆಕ್

ಇವು ಡಿಸ್ಕ್ ಮೇಲಿರುವ ಫೈಲ್‌ಗಳಲ್ಲ, ಕರ್ನಲ್ ನಮ್ಮ ಜೊತೆ ಮಾತಾಡೋಕೆ ಇಟ್ಟ ಕಿಟಕಿಗಳು. ಸ್ಕೇಲಿಂಗ್_ಡ್ರೈವರ್ ಅನ್ನೋ ಫೈಲನ್ನ ಕ್ಯಾಟ್ ಮಾಡಿದರೆ ಬಹುಶಃ 'ಇಂಟೆಲ್_ಪಿಸ್ಟೇಟ್' ಅಂತ ಬರುತ್ತೆ. ಸ್ಕೇಲಿಂಗ್_ಗವರ್ನರ್ ನೋಡಿದರೆ 'ಪವರ್‌ಸೇವ್' ಅಂತ ಇರುತ್ತೆ. ಇದನ್ನ ನೋಡಿದ ತಕ್ಷಣ ನಮ್ಮಂಥ ಅರೆಬೆಂದವರೆಲ್ಲ ಮಾಡೋ ಕೆಲಸ ಒಂದೇ: 'ಓಹೋ, ಪವರ್‌ಸೇವ್‌ನಲ್ಲಿ ಇಟ್ಟಿದ್ದಾರೆ, ಅದಕ್ಕೇ ಸ್ಲೋ' ಅಂತ ಪರ್ಫಾರ್ಮೆನ್ಸ್‌ಗೆ ಬದಲಾಯಿಸೋದು.

ಅದು ಅಪಾರ್ಥ. 2013ರಲ್ಲಿ ಬಂದ ಇಂಟೆಲ್_ಪಿಸ್ಟೇಟ್ ಡ್ರೈವರ್ ತನ್ನ ಆಕ್ಟಿವ್ ಮೋಡ್‌ನಲ್ಲಿ ಹಳೇ ಗವರ್ನರ್‌ಗಳನ್ನ ಬಳಸೋದೇ ಇಲ್ಲ. ಅದರಲ್ಲಿ ಇರೋದೇ ಎರಡು, ಪರ್ಫಾರ್ಮೆನ್ಸ್ ಮತ್ತು ಪವರ್‌ಸೇವ್. ಅಲ್ಲಿನ ಪವರ್‌ಸೇವ್ ಅಂದ್ರೆ 'ಸದಾ ಕನಿಷ್ಠ' ಅಂತ ಅರ್ಥ ಅಲ್ಲ, 'ಲೋಡ್ ನೋಡ್ಕೊಂಡು ಏರಿಸು, ಇಳಿಸು' ಅಂತ. ಹೆಸರು ಹಳೇದು, ಒಳಗಿನ ಆಸಾಮಿ ಬೇರೆ. ಅದೇ ಲ್ಯಾಪ್‌ಟಾಪ್‌ನಲ್ಲಿ ಪವರ್‌ಸೇವ್ ಇಟ್ಟುಕೊಂಡೇ ಪೂರ್ತಿ ಟರ್ಬೊ ಸ್ಪೀಡ್ ನೋಡಬಹುದು. ಹೊಸ ಎಎಂಡಿ ಯಂತ್ರಗಳಲ್ಲಿ 2022ರಿಂದ ಎಎಂಡಿ-ಪಿಸ್ಟೇಟ್ ಅನ್ನೋ ಡ್ರೈವರ್ ಬಂದಿದೆ, ಅದರ ಆಕ್ಟಿವ್ ಮೋಡ್‌ನಲ್ಲೂ ಇದೇ ಕತೆ.

ಇಷ್ಟೇ ಅಲ್ಲ. 2015ರ ಸ್ಕೈಲೇಕ್ ಪೀಳಿಗೆಯಿಂದ ಸ್ಪೀಡ್ ಶಿಫ್ಟ್ ಅನ್ನೋ ವ್ಯವಸ್ಥೆ ಚಿಪ್ ಒಳಗೇ ಬಂತು. ಈಗ ಕ್ಷಣಕ್ಷಣದ ಸ್ಪೀಡ್ ಆರಿಸೋದು ಲಿನಕ್ಸ್ ಅಲ್ಲ, ಚಿಪ್ಪೇ ಆರಿಸುತ್ತೆ. ಲಿನಕ್ಸ್ ಬರೀ ಗಡಿ ಹಾಕುತ್ತೆ, 'ಇಲ್ಲಿಂದ ಇಲ್ಲಿಯವರೆಗೆ, ಈ ಕಡೆ ಸ್ವಲ್ಪ ವಾಲು' ಅಂತ. ಆ ವಾಲುವಿಕೆಯನ್ನ ಹೇಳೋ ಫೈಲ್ ಅದೇ ಫೋಲ್ಡರ್‌ನಲ್ಲಿದೆ, ಹೆಸರು ಎನರ್ಜಿ_ಪರ್ಫಾರ್ಮೆನ್ಸ್_ಪ್ರೆಫರೆನ್ಸ್. ಅದಕ್ಕೆ ಪರ್ಫಾರ್ಮೆನ್ಸ್, ಬ್ಯಾಲೆನ್ಸ್_ಪರ್ಫಾರ್ಮೆನ್ಸ್, ಬ್ಯಾಲೆನ್ಸ್_ಪವರ್, ಪವರ್ ಅನ್ನೋ ಬೆಲೆಗಳನ್ನ ಕೊಡಬಹುದು. ಗವರ್ನರ್ ಪರ್ಫಾರ್ಮೆನ್ಸ್‌ನಲ್ಲಿ ಇದ್ದರೆ ಇದನ್ನ ಬದಲಾಯಿಸೋಕೆ ಬಿಡಲ್ಲ, 'ಡಿವೈಸ್ ಬ್ಯುಸಿ' ಅಂತ ಬೈಯುತ್ತೆ. ನಾವು ಇದೊಂದಕ್ಕೇ ಅರ್ಧ ಗಂಟೆ ತಲೆ ಕೆರೆದುಕೊಂಡಿದ್ದೇವೆ, ನೀವು ಮಾಡಬೇಡಿ.

ಅಂದ್ರೆ ನಾವು 'ಸ್ಪೀಡ್ ಸೆಟ್ ಮಾಡ್ತೀವಿ' ಅನ್ನೋದು ಹಳೇ ಕಾಲದ ಮಾತು. ಈಗ ನಾವು ಮಾಡೋದು ಅರ್ಜಿ ಹಾಕೋದು ಅಷ್ಟೇ.

ಮೊದಲು ನೋಡಿ, ಆಮೇಲೆ ಮುಟ್ಟಿ

ಏನಾದ್ರೂ ಬದಲಾಯಿಸೋ ಮುಂಚೆ ಎರಡು ಟರ್ಮಿನಲ್ ತೆಗೆಯಿರಿ. ಒಂದರಲ್ಲಿ ಪ್ರತಿ ಸೆಕೆಂಡ್ ಸ್ಪೀಡ್ ತೋರಿಸಲಿ:

ವಾಚ್ -ಎನ್ 1 "ಗ್ರೆಪ್ ಮೆಗಾಹರ್ಟ್ಸ್ /ಪ್ರಾಕ್/ಸಿಪಿಯುಇನ್ಫೋ"

(ಮೆಗಾಹರ್ಟ್ಸ್ ಅನ್ನೋದನ್ನ ದೊಡ್ಡ ಎಮ್, ದೊಡ್ಡ ಎಚ್, ಸಣ್ಣ ಝಡ್ ಅಂತ ಟೈಪ್ ಮಾಡಿ.) ಇನ್ನೊಂದರಲ್ಲಿ ಸೆನ್ಸರ್ಸ್ ಕಮಾಂಡ್ ಓಡಿಸಿ ಟೆಂಪರೇಚರ್ ನೋಡ್ತಾ ಇರಿ, ಅದು ಎಲ್‌ಎಂ-ಸೆನ್ಸರ್ಸ್ ಪ್ಯಾಕೇಜ್‌ನಲ್ಲಿದೆ. ಈಗ ಸ್ಟ್ರೆಸ್-ಎನ್‌ಜಿ ಇನ್‌ಸ್ಟಾಲ್ ಮಾಡಿ ಒಂದೆರಡು ನಿಮಿಷ ಎಲ್ಲಾ ಕೋರ್‌ಗೂ ಕೆಲಸ ಕೊಡಿ. ಎರಡನ್ನೂ ಒಟ್ಟಿಗೆ ನೋಡೋದು ಮುಖ್ಯ. ಬರೀ ಸ್ಪೀಡ್ ನೋಡಿದರೆ ಕಾರಣ ಗೊತ್ತಾಗಲ್ಲ.

ಸಾಮಾನ್ಯವಾಗಿ ಮೊದಲು ಸ್ಪೀಡ್ ಟರ್ಬೊಗೆ ಜಿಗಿಯುತ್ತೆ, ಸ್ವಲ್ಪ ಹೊತ್ತಾದ ಮೇಲೆ ಇಳಿದು ಒಂದು ಕಡೆ ನಿಲ್ಲುತ್ತೆ. ಇದು ಕೆಟ್ಟಿರೋದಲ್ಲ. ಐ5-8250ಯು ಚಿಪ್‌ನ ಪವರ್ ಲೆಕ್ಕ 15 ವ್ಯಾಟ್, ಬೇಸ್ ಸ್ಪೀಡ್ 1.6 ಗಿಗಾಹರ್ಟ್ಸ್, ಟರ್ಬೊ 3.4 ಗಿಗಾಹರ್ಟ್ಸ್‌ವರೆಗೆ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಇರೋ 3.4 ಅನ್ನೋದು ಕೆಲವು ಸೆಕೆಂಡುಗಳ ಸಂಭ್ರಮ. ಆಮೇಲೆ ಪವರ್ ಮಿತಿಯೊಳಗೆ ಎಷ್ಟಾಗುತ್ತೋ ಅಷ್ಟು.

ಟೆಂಪರೇಚರ್ ನೂರರ ಹತ್ತಿರ ಹೋಗಿ ಸ್ಪೀಡ್ ಕುಸಿದರೆ ಅದು ಬಿಸಿಯಿಂದ ಆದ ಥ್ರಾಟ್ಲಿಂಗ್. ಇಂಟೆಲ್‌ನಲ್ಲಿ ಇದನ್ನ ಕರ್ನಲ್ ಎಣಿಸಿಯೂ ಇಡುತ್ತೆ, ಸಿಪಿಯು0 ಒಳಗಿನ ಥರ್ಮಲ್_ಥ್ರಾಟಲ್ ಫೋಲ್ಡರ್‌ನಲ್ಲಿ ಕೋರ್_ಥ್ರಾಟಲ್_ಕೌಂಟ್ ಅನ್ನೋ ಫೈಲ್ ನೋಡಿ. ಆ ಸಂಖ್ಯೆ ಏರುತ್ತಾ ಇದ್ದರೆ ಸಾಫ್ಟ್‌ವೇರ್ ಮುಟ್ಟೋ ಮೊದಲು ಫ್ಯಾನ್‌ನ ಧೂಳು ತೆಗೆಸಿ, ಥರ್ಮಲ್ ಪೇಸ್ಟ್ ಹಾಕಿಸಿ. ಮತ್ತೆ ದಯವಿಟ್ಟು ಲ್ಯಾಪ್‌ಟಾಪನ್ನ ಹಾಸಿಗೆ ಮೇಲೆ, ರಗ್ಗಿನ ಮೇಲೆ ಇಡಬೇಡಿ. ಗಾಳಿ ಒಳಗೆ ಹೋಗೋ ತೂತು ಬಹಳಷ್ಟು ಮಾಡೆಲ್‌ಗಳಲ್ಲಿ ಅಡಿಯಲ್ಲೇ ಇರುತ್ತೆ.

ಟೆಂಪರೇಚರ್ ಕಡಿಮೆ ಇದ್ದು, ಲೋಡ್ ಇದ್ದು, ಆದರೂ ಸ್ಪೀಡ್ ಏರದೇ ಇದ್ದರೆ? ಅದಕ್ಕೆ ಆಮೇಲೆ ಬರ್ತೀವಿ.

ಒಂದೇ ಸ್ವಿಚ್ ಮುಟ್ಟೋದಾದರೆ ಟರ್ಬೊ

ಸುಮಾರು ಪ್ರಯೋಗ ಮಾಡಿದ ಮೇಲೆ ನಮ್ಮ ಅಭಿಪ್ರಾಯ ಇದು: ಬ್ಯಾಟರಿಯಲ್ಲಿ ಇದ್ದಾಗ ಟರ್ಬೊ ಆಫ್ ಮಾಡಿ, ಉಳಿದದ್ದನ್ನ ಚಿಪ್‌ಗೇ ಬಿಡಿ. ಮೇಲಿನ ಗುಣಾಕಾರ ನೆನಪಿದೆಯಲ್ಲ, ಅತಿ ದುಬಾರಿ ಭಾಗ ಇರೋದು ತುತ್ತತುದಿಯಲ್ಲಿ. ಟರ್ಬೊ ತೆಗೆದರೆ ಆ ತುದಿ ಹೋಗುತ್ತೆ. ಕೆಳಗಿನ ಮೆಟ್ಟಿಲು, ನಿದ್ದೆ ಎಲ್ಲಾ ಹಾಗೇ ಉಳಿಯುತ್ತೆ. ಕೋಡ್ ಬರೆಯೋಕೆ, ನೋಟ್ಸ್ ಓದೋಕೆ, ವಿಡಿಯೊ ನೋಡೋಕೆ ವ್ಯತ್ಯಾಸ ಗೊತ್ತಾಗೋದೇ ಕಷ್ಟ. ಫ್ಯಾನ್ ಸುಮ್ಮನಾದದ್ದು ಮಾತ್ರ ಖಂಡಿತ ಗೊತ್ತಾಗುತ್ತೆ, ಅದರಲ್ಲೂ ರಾತ್ರಿ ಒಂದು ಗಂಟೆಗೆ ಪಕ್ಕದಲ್ಲಿ ಮಲಗಿರೋ ರೂಮ್‌ಮೇಟ್‌ಗೆ.

ಇಂಟೆಲ್‌ನಲ್ಲಿ ಇದಕ್ಕೆ ಫೈಲ್: /ಸಿಸ್/ಡಿವೈಸಸ್/ಸಿಸ್ಟಮ್/ಸಿಪಿಯು/ಇಂಟೆಲ್_ಪಿಸ್ಟೇಟ್/ನೋ_ಟರ್ಬೊ. ಅದರಲ್ಲಿ 1 ಬರೆದರೆ ಟರ್ಬೊ ಇಲ್ಲ, 0 ಬರೆದರೆ ಇದೆ. ಹೆಸರಲ್ಲೇ 'ನೋ' ಇರೋದರಿಂದ ಉಲ್ಟಾ, ಜೋಪಾನ. ಎಎಂಡಿ ಯಂತ್ರಗಳಲ್ಲಿ ಸಾಮಾನ್ಯವಾಗಿ ಸಿಪಿಯು ಫೋಲ್ಡರ್‌ನ ಸಿಪಿಯುಫ್ರೆಕ್ ಒಳಗೆ ಬೂಸ್ಟ್ ಅಂತ ಫೈಲ್ ಇರುತ್ತೆ, ಅಲ್ಲಿ 0 ಬರೆದರೆ ಟರ್ಬೊ ಆಫ್.

ಬರೆಯೋದು ಹೇಗೆ? ಎಲ್ಲರೂ ಎಡವೋ ಜಾಗ ಇದು. 'ಸುಡೊ ಎಕೊ 1 > ನೋ_ಟರ್ಬೊ' ಅಂದ್ರೆ 'ಪರ್ಮಿಷನ್ ಡಿನೈಡ್' ಬರುತ್ತೆ. ಸುಡೊ ಹಾಕಿದ್ದೀವಲ್ಲ ಅಂತ ನಾವು ಜಗಳಕ್ಕೇ ನಿಂತಿದ್ದೆವು. ವಿಷಯ ಏನಂದ್ರೆ ಸುಡೊ ಅಧಿಕಾರ ಸಿಕ್ಕಿದ್ದು ಎಕೊಗೆ ಮಾತ್ರ. ಆ ಬಾಣದ ಗುರುತು ಹಿಡಿದು ಫೈಲ್ ಓಪನ್ ಮಾಡೋದು ನಮ್ಮ ಶೆಲ್, ಅದಕ್ಕೆ ಅಧಿಕಾರ ಇಲ್ಲ. ಆದ್ದರಿಂದ ಆ ಫೋಲ್ಡರ್‌ಗೆ ಹೋಗಿ ಹೀಗೆ ಮಾಡಿ:

ಎಕೊ 1 | ಸುಡೊ ಟೀ ನೋ_ಟರ್ಬೊ

ಈಗ ಫೈಲ್ ತೆಗೆಯೋದು ಟೀ ಪ್ರೋಗ್ರಾಮ್, ಅದಕ್ಕೆ ಸುಡೊ ಇದೆ. ಈ ಒಂದು ಸಾಲನ್ನ ವೈವಾದಲ್ಲಿ ಕೇಳಿದರೂ ಆಶ್ಚರ್ಯ ಇಲ್ಲ.

ಇಷ್ಟು ಮಾಡಿದ್ದು ರೀಸ್ಟಾರ್ಟ್ ಆದ ತಕ್ಷಣ ಹೋಗುತ್ತೆ, ಯಾಕಂದ್ರೆ ಇವು ನಿಜವಾದ ಫೈಲ್‌ಗಳಲ್ಲ ಅಂದೆವಲ್ಲ. ನಮಗೆ ಅದು ಒಳ್ಳೇದೇ ಅನ್ನಿಸಿತು, ಏನಾದ್ರೂ ಎಡವಟ್ಟಾದರೆ ರೀಸ್ಟಾರ್ಟ್ ಮಾಡಿದರೆ ಮುಗೀತು. ಶಾಶ್ವತ ಬೇಕು ಅಂದ್ರೆ ಟಿಎಲ್‌ಪಿ ಅನ್ನೋ ಟೂಲ್ ಇದೆ. ಅದರ ಕಾನ್ಫಿಗ್ ಫೈಲಲ್ಲಿ ಬ್ಯಾಟರಿಗೆ ಬೇರೆ, ಚಾರ್ಜರ್‌ಗೆ ಬೇರೆ ಟರ್ಬೊ ನಿಯಮ ಬರೆದಿಡಬಹುದು. ಟರ್ಮಿನಲ್ ತಂಟೆಯೇ ಬೇಡ ಅನ್ನೋರಿಗೆ ಉಬುಂಟು, ಫೆಡೋರಾಗಳ ಸೆಟ್ಟಿಂಗ್ಸ್‌ನಲ್ಲೇ ಪವರ್ ಸೇವರ್, ಬ್ಯಾಲೆನ್ಸ್‌ಡ್, ಪರ್ಫಾರ್ಮೆನ್ಸ್ ಅಂತ ಆಯ್ಕೆ ಇರುತ್ತೆ. ಒಳಗೆ ಅದೂ ಬಹುಪಾಲು ಇದೇ ಫೈಲ್‌ಗಳಿಗೇ ಬರೆಯೋದು.

ಆದರೆ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಡಿ. ಉಬುಂಟುವಿನ ಆ ಮೆನು ಹಿಂದೆ ಇರೋದು ಪವರ್-ಪ್ರೊಫೈಲ್ಸ್-ಡೀಮನ್. ಅದೂ ಟಿಎಲ್‌ಪಿಯೂ ಒಂದೇ ಫೈಲ್‌ಗೆ ಬರೆದರೆ ಒಬ್ಬರು ಹಾಕಿದ್ದನ್ನ ಇನ್ನೊಬ್ಬರು ಅಳಿಸ್ತಾರೆ. ಒಂದೇ ರೂಮಲ್ಲಿ ಇಬ್ಬರು ಫ್ಯಾನ್ ರೆಗ್ಯುಲೇಟರ್ ತಿರುಗಿಸಿದ ಹಾಗೆ. ಇನ್ನು ಆಟೊ-ಸಿಪಿಯುಫ್ರೆಕ್ ಅಂತ ಮೂರನೆಯದನ್ನೂ ಹಾಕಿಕೊಂಡವರು ನಮ್ಮ ಫ್ಲೋರಲ್ಲೇ ಇದ್ದಾರೆ, ಹೆಸರು ಹೇಳಲ್ಲ.

ಲಾಭ ಆಯ್ತೋ ಇಲ್ವೋ ಅಂತ ಅನಿಸಿಕೆ ಮೇಲೆ ತೀರ್ಮಾನ ಮಾಡಬೇಡಿ, ಅಳೆಯಿರಿ. ಚಾರ್ಜರ್ ತೆಗೆದು, /ಸಿಸ್/ಕ್ಲಾಸ್/ಪವರ್_ಸಪ್ಲೈ ಒಳಗೆ ಬ್ಯಾಟ್0 ಫೋಲ್ಡರ್‌ನಲ್ಲಿ ಪವರ್_ನೌ ನೋಡಿ. ಮೈಕ್ರೋವ್ಯಾಟ್ ಲೆಕ್ಕದಲ್ಲಿರುತ್ತೆ, ಹತ್ತು ಲಕ್ಷದಿಂದ ಭಾಗಿಸಿದರೆ ವ್ಯಾಟ್. ಕೆಲವು ಮಾಡೆಲ್‌ಗಳಲ್ಲಿ ಅದರ ಬದಲು ಕರೆಂಟ್_ನೌ, ವೋಲ್ಟೇಜ್_ನೌ ಇರುತ್ತೆ, ಗುಣಿಸಿಕೊಳ್ಳಿ. ಪಕ್ಕದಲ್ಲೇ ಎನರ್ಜಿ_ಫುಲ್ ಮತ್ತು ಎನರ್ಜಿ_ಫುಲ್_ಡಿಸೈನ್ ಇದ್ದರೆ ಎರಡನ್ನೂ ಹೋಲಿಸಿ. ಮೊದಲನೆಯದು ಎರಡನೆಯದರ ಅರ್ಧಕ್ಕೆ ಬಂದಿದ್ದರೆ ಬ್ಯಾಟರಿಗೇ ವಯಸ್ಸಾಗಿದೆ ಅಂತ, ಯಾವ ಗವರ್ನರ್ ಬಂದರೂ ಅದನ್ನ ಯುವಕ ಮಾಡಲ್ಲ.

ಮೂರನೇ ಕೈ

ಈಗ ತೀರ್ಥಹಳ್ಳಿ ಹುಡುಗನ ಲ್ಯಾಪ್‌ಟಾಪ್‌ಗೆ ಬರೋಣ. ಆ ರಾತ್ರಿ ನಾವು ಮೊದಲು ಮಾಡಿದ್ದು ಮೇಲೆ ಹೇಳಿದ ತಪ್ಪನ್ನೇ, ಗವರ್ನರನ್ನ ಪರ್ಫಾರ್ಮೆನ್ಸ್‌ಗೆ ಹಾಕಿದೆವು. ಏನೂ ಆಗಲಿಲ್ಲ. ಸ್ಕೇಲಿಂಗ್_ಮ್ಯಾಕ್ಸ್_ಫ್ರೆಕ್ ನೋಡಿದೆವು, 3400000 ಅಂತಿತ್ತು. ಇದು ಕಿಲೋಹರ್ಟ್ಸ್, ಅಂದ್ರೆ 3.4 ಗಿಗಾಹರ್ಟ್ಸ್, ಲಿನಕ್ಸ್ ಕಡೆಯಿಂದ ಅಡ್ಡಿ ಇಲ್ಲ. ಸ್ಟ್ರೆಸ್-ಎನ್‌ಜಿ ಓಡಿಸಿದೆವು. ನಾಲ್ಕು ಕೋರ್‌ಗೂ ನೂರಕ್ಕೆ ನೂರು ಲೋಡ್, ಟೆಂಪರೇಚರ್ ಬರೀ 46 ಡಿಗ್ರಿ, ಸ್ಪೀಡ್ 400 ಮೆಗಾಹರ್ಟ್ಸ್. ಅಲ್ಲಾಡ್ತಾ ಇಲ್ಲ. 400 ಅಂದ್ರೆ ಆ ಚಿಪ್ ಇಳಿಯಬಹುದಾದ ಅತಿ ಕೆಳಗಿನ ಮೆಟ್ಟಿಲು.

ಬಿಸಿ ಇಲ್ಲ, ಲಿನಕ್ಸ್ ತಡೀತಿಲ್ಲ, ಕೆಲಸ ಬೆಟ್ಟದಷ್ಟಿದೆ. ಹಾಗಾದ್ರೆ ಕತ್ತು ಹಿಡಿದಿರೋರು ಯಾರು?

ಇಂಟೆಲ್ ಪ್ರೊಸೆಸರ್‌ಗೆ ಪ್ರಾಕ್‌ಹಾಟ್ ಅಂತ ಒಂದು ಪಿನ್ ಇದೆ. 'ನಾನು ಬಿಸಿಯಾಗಿದ್ದೇನೆ' ಅಂತ ಹೊರಗಿನವರಿಗೆ ಹೇಳೋಕೆ ಅದು ಇರೋದು. ಆದರೆ ಆ ತಂತಿಯಲ್ಲಿ ಎರಡೂ ದಿಕ್ಕಿಗೆ ಮಾತು ಹೋಗಬಹುದು. ಮದರ್‌ಬೋರ್ಡ್‌ನ ಬೇರೆ ಯಾವುದೋ ಭಾಗವೂ ಅದನ್ನ ಎಳೆದು 'ನಿಧಾನ ಮಾಡು' ಅಂತ ಪ್ರೊಸೆಸರ್‌ಗೆ ಆಜ್ಞೆ ಕೊಡಬಹುದು. ಹಾಗೆ ಬಂದ ಆಜ್ಞೆ ಮುಂದೆ ಗವರ್ನರ್ ಮಾತೂ ನಡೆಯಲ್ಲ, ಚಿಪ್‌ನ ಸ್ವಂತ ಲೆಕ್ಕವೂ ನಡೆಯಲ್ಲ. ಅಂದ್ರೆ ಸ್ಪೀಡ್ ಮೇಲೆ ಮೂರು ಕೈ ಇದೆ: ಲಿನಕ್ಸ್, ಚಿಪ್, ಮತ್ತೆ ಬೋರ್ಡ್ ಮೇಲಿನ ಫರ್ಮ್‌ವೇರ್. ಮೂವರಲ್ಲಿ ಯಾರು ಕಡಿಮೆ ಹೇಳ್ತಾರೋ ಅವರ ಮಾತೇ ಕೊನೆ.

ಬೋರ್ಡ್ ಯಾಕೆ ಹಾಗೆ ಹೇಳುತ್ತೆ? ಒಂದು ಸಾಮಾನ್ಯ ಕಾರಣ ಚಾರ್ಜರ್. ಕೆಲವು ಲ್ಯಾಪ್‌ಟಾಪ್‌ಗಳ ದುಂಡು ಪಿನ್ ಚಾರ್ಜರ್‌ನ ನಡುವೆ ಸೂಜಿಯಂಥ ಸಣ್ಣ ಪಿನ್ ಇರುತ್ತೆ. ಅದರಲ್ಲಿ ಕರೆಂಟ್ ಬರಲ್ಲ, 'ನಾನು ಇಷ್ಟು ವ್ಯಾಟ್‌ನವನು' ಅನ್ನೋ ಪರಿಚಯ ಬರುತ್ತೆ. ಪರಿಚಯ ಸಿಗದಿದ್ದರೆ ಬೋರ್ಡ್‌ಗೆ ಅನುಮಾನ. 45 ವ್ಯಾಟ್ ಚಾರ್ಜರ್‌ನಿಂದ 65 ವ್ಯಾಟ್ ಎಳೆದರೆ ಚಾರ್ಜರ್ ಸುಟ್ಟೀತು, ಅದಕ್ಕೆ ಪ್ರೊಸೆಸರನ್ನೇ ಕಟ್ಟಿ ಹಾಕುತ್ತೆ.

'ಲೋ, ನಿನ್ನ ಚಾರ್ಜರ್ ಯಾವುದೋ ಅದು?' ಅಂತ ಕೇಳಿದೆವು.

'ಹಳೇದು ಹೋಯ್ತಲ್ಲೋ, ಹೋದ ವಾರ ಒಂದು ಡೂಪ್ಲಿಕೇಟ್ ತಗೊಂಡೆ. ಚಾರ್ಜ್ ಆಗ್ತಿದೆಯಲ್ಲ!'

ಪಿನ್ ತೆಗೆದು, ಲ್ಯಾಪ್‌ಟಾಪನ್ನ ಬ್ಯಾಟರಿಯಲ್ಲೇ ರೀಸ್ಟಾರ್ಟ್ ಮಾಡಿದೆವು. ವಾಚ್ ಕಮಾಂಡ್ ಓಡ್ತಾ ಇತ್ತು. 400 ಇದ್ದ ಜಾಗದಲ್ಲಿ 1,900, ಆಮೇಲೆ 3,100, 3,400. ರಾತ್ರಿ ಎರಡೂವರೆಗೆ ಮೂವರು ಕಿರುಚಿದರೆ ಏನಾಗುತ್ತೆ ಅಂತ ಹಾಸ್ಟೆಲ್‌ನಲ್ಲಿ ಇದ್ದೋರಿಗೆ ಗೊತ್ತು, ವಾರ್ಡನ್ ಬಂದು ಹೋದರು. ಡೂಪ್ಲಿಕೇಟ್ ಚಾರ್ಜರ್ ಮತ್ತೆ ಚುಚ್ಚಿ ನೋಡಿದೆವು, ವಾಪಸ್ 400.

ಆ ಪಿನ್‌ನ ಆಜ್ಞೆಯನ್ನೇ ಕೇಳದ ಹಾಗೆ ಪ್ರೊಸೆಸರ್‌ನ ಒಳಗಿನ ರಿಜಿಸ್ಟರ್‌ಗೆ ಬರೆಯೋ ಉಪಾಯವೂ ಇದೆ. ನಾವು ಅದನ್ನ ಓದಿದೆವು, ಮಾಡಲಿಲ್ಲ, ಹೇಗೆ ಅಂತ ಇಲ್ಲಿ ಬರೆಯೋದೂ ಇಲ್ಲ. ಆ ಚಾರ್ಜರ್ ನಿಜವಾಗಿ ಎಷ್ಟು ವ್ಯಾಟ್ ತಡೆಯುತ್ತೆ ಅಂತ ನಮಗೆ ಗೊತ್ತಿರಲಿಲ್ಲ. ಬೋರ್ಡ್‌ಗೂ ಗೊತ್ತಿರಲಿಲ್ಲ, ಅದಕ್ಕೇ ಅದು ಹೆದರಿದ್ದು. ಅದರ ಬಾಯಿ ಮುಚ್ಚಿಸಿ ಹಾಸಿಗೆ ಪಕ್ಕದಲ್ಲಿ ಅಂಥ ಚಾರ್ಜರ್ ಹಾಕಿಕೊಂಡು ಮಲಗೋ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

ಮರುದಿನ ಪಕ್ಕದ ಬ್ಲಾಕ್‌ನಲ್ಲಿ ಅದೇ ಮಾಡೆಲ್ ಇಟ್ಟುಕೊಂಡಿದ್ದವರ ಚಾರ್ಜರ್ ಸಾಲ ತಂದು ಹಾಕಿದೆವು, ಸ್ಪೀಡ್ ಸರಿ ಇತ್ತು. ಇಂಟರ್ನಲ್ ಮುಗಿದ ಮೇಲೆ ಅವನು ಒರಿಜಿನಲ್ ಚಾರ್ಜರ್ ತರಿಸಿದ, ಮನೆಗೆ ಫೋನ್ ಮಾಡೋ ಪ್ರಸಂಗ ಬರಲಿಲ್ಲ. ಬ್ಯಾಟರಿಯಲ್ಲಿ ಟರ್ಬೊ ಆಫ್, ಚಾರ್ಜರ್‌ನಲ್ಲಿ ಆನ್ ಅಂತ ಟಿಎಲ್‌ಪಿ ಹಾಕಿಕೊಟ್ಟಿದ್ದೇವೆ. ಡೂಪ್ಲಿಕೇಟ್ ಚಾರ್ಜರ್ ಈಗ ಗಾಳಿಗೆ ನಮ್ಮ ರೂಮಿನ ಬಾಗಿಲು ಹೊಡೆದುಕೊಳ್ಳದ ಹಾಗೆ ಅಡ್ಡ ಕೂತಿದೆ.